ನಮ್ಮ ಮನೆಗೆ ರೇಡಿಯೋ ಬಂದುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ರೇಡಿಯೋ ಕೊಂಡು ನೋಡು ಎಂಬ ಮಾತನ್ನು ಸೇರಿಸದೆ ಹೋದುದಕ್ಕೆ ಕಾರಣ, ಅವರ ಕಾಲದಲ್ಲಿ ರೇಡಿಯೋ ಇರಲಿಲ್ಲವೆಂಬುದಷ್ಟೆ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದೇ ನಾಡಿನ ಇನ್ನೊಬ್ಬ ಮೇಷ್ಟರಾದ ನನಗೆ ಮನೆಗೊಂದು ರೇಡಿಯೋ ಆರಿಸಿ ತರುವುದಕ್ಕೂ ಬಾರಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ತಂದೆಯವರು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ರೇಡಿಯೋ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸು ಬೇಕಾಗಿದ್ದ ಕಾಲದಲ್ಲಿ ಅದರ ಶುಲ್ಕ ಕಟ್ಟಿಸಿಕೊಂಡು ಮುದ್ರೆ ಒತ್ತಿದ ಕೈ ಅವರದು. ನಿವೃತ್ತರಾದ ಮೇಲೆ ಗ್ಲಾಕೋಮಾ ಅವರ ಎರಡು ಕಣ್ಣುಗಳ ಬೆಳಕನ್ನೂ ಮೆಲ್ಲಮೆಲ್ಲನೆ ಕಸಿದುಕೊಂಡಿತು. ಪತ್ರಿಕೆ ಹೋಯಿತು, ಪುಸ್ತಕ ಹೋಯಿತು. ಉಳಿದುದು ಹಾಸಿಗೆಯ ಪಕ್ಕದ ಹಳೆಯ ಟ್ರಾನ್ಸಿಸ್ಟರ್ ಒಂದೇ. ತಿರುಪನ್ನು ಎಷ್ಟು ತಿರುಗಿಸಿದರೆ ಯಾವ ನಿಲಯವೆಂಬುದು ಅವರ ಬೆರಳಿಗೆ ಗೊತ್ತಿತ್ತು. ನಾವೆಲ್ಲ ಏಳುವ ಹೊತ್ತಿಗೆ ಅವರು ವಾರ್ತೆ ಕೇಳಿ ಮುಗಿಸಿ, ಕಾಫಿಯ ಜೊತೆಗೆ ನಮಗೂ ಅದನ್ನು ಹಂಚುವರು. “ಯಾರನ್ನೂ ಕೇಳದೆ ನಾನೇ ತಿಳಿದುಕೊಳ್ಳೋದು ಅಂದ್ರೆ ಇನ್ನು ಇದೊಂದೇ ಕಣಪ್ಪ” ಎಂದು ಒಮ್ಮೆ ಹೇಳಿದ್ದರು.

2019ರ ಮಳೆಗಾಲದಲ್ಲಿ ಆ ಟ್ರಾನ್ಸಿಸ್ಟರ್ ಮೂಕವಾಯಿತು. ಅದಕ್ಕೆ ಬಿಡಿಭಾಗಗಳೇ ಸಿಕ್ಕುವುದಿಲ್ಲವೆಂದು ರಿಪೇರಿಯವನು ಕೈಚೆಲ್ಲಿದ. ಅದೇ ವೇಳೆಗೆ ಲಂಡನ್ನಿನಿಂದ ಬಂದ ನನ್ನ ಭಾವಮೈದುನ ಒಂದು ಡಿಜಿಟಲ್ ರೇಡಿಯೋವನ್ನು ಉಡುಗೊರೆಯಾಗಿ ತಂದ. ತೆಳ್ಳನೆಯ ಕರಿಯ ಗಾಜು; ಗುಂಡಿಯಿಲ್ಲ, ತಿರುಪಿಲ್ಲ. ಬೆರಳು ಸೋಕಿದರೆ ಅಕ್ಷರಗಳು ಮೂಡುತ್ತವೆ. ಮನೆಮಂದಿಯೆಲ್ಲ ಬೆರಗಾದೆವು. ಆದರೆ ಅದರ ಡಿಜಿಟಲ್ ಭಾಗಕ್ಕೆ ಬೆಂಗಳೂರಿನಲ್ಲಿ ಒಂದು ನಿಲಯವೂ ಸಿಕ್ಕಲಿಲ್ಲ. ಇಂಗ್ಲೆಂಡಿನವರ ಪದ್ಧತಿ ಡಿಎಬಿ. ನಮ್ಮ ಆಕಾಶವಾಣಿಯು ಆರಿಸಿಕೊಂಡಿದ್ದುದು ಡಿಆರ್‌ಎಂ. ಒಂದು ಪದ್ಧತಿಯ ಪೆಟ್ಟಿಗೆಗೆ ಇನ್ನೊಂದರ ಮಾತು ತಿಳಿಯದು. “ಹೋಗಲಿ ಬಿಡಿ ಭಾವ, ಎಫ್‌ಎಂ ಆದರೂ ಬರುತ್ತಲ್ಲ” ಎಂದ ಅವನು. ತಂದೆಯವರೂ ಗಾಜನ್ನು ಸವರಿ, “ಚೆನ್ನಾಗಿದೆ” ಎಂದರು.

ಆಮೇಲೆ ಹತ್ತು ದಿನ ಅವರ ಕೋಣೆಯಿಂದ ರೇಡಿಯೋ ಸದ್ದೇ ಕೇಳಲಿಲ್ಲ. ವಿಚಾರಿಸಿದರೆ, “ಯಾಕೋ ಮನಸ್ಸಿಲ್ಲಪ್ಪ” ಎನ್ನುವರು. ವಯಸ್ಸಾಯಿತಲ್ಲ, ಆಸಕ್ತಿ ಕುಂದಿರಬೇಕು ಎಂದು ನಾನೂ ಸುಲಭವಾಗಿ ನಂಬಿಬಿಟ್ಟೆ.

ಒಂದು ದಿನ ಉತ್ತರಪತ್ರಿಕೆಗಳನ್ನು ತಿದ್ದಲೆಂದು ನಸುಕಿನಲ್ಲೇ ಎದ್ದೆ. ತಂದೆಯವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಮಂಚದ ಮೇಲೆ ಕುಳಿತು, ಆ ನುಣುಪಾದ ಗಾಜಿನ ಮೇಲೆ ಬೆರಳಾಡಿಸುತ್ತಿದ್ದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅದು ಒಮ್ಮೆ ‘ಕೀಂ’ ಎಂದಿತು. ಗಾಜಿನಲ್ಲಿ ಏನೋ ಇಂಗ್ಲಿಷ್ ಅಕ್ಷರಗಳು ಮಿನುಗಿ ಮಾಯವಾದವು. ಸ್ವಲ್ಪ ಹೊತ್ತು ಕಾದರು. ಬಳಿಕ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಕೈಕಟ್ಟಿ ಕುಳಿತರು. ಒಳಗೆ ಹೋಗುವ ಧೈರ್ಯ ನನಗಾಗಲಿಲ್ಲ. ಅಂದು ತಿದ್ದಬೇಕಾಗಿದ್ದುದು ಹುಡುಗರ ಉತ್ತರಪತ್ರಿಕೆಗಳನ್ನಲ್ಲ.

ಆ ಭಾನುವಾರ ತಂದೆಯವರನ್ನೇ ಕರೆದುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಮೊದಲೆರಡು ಅಂಗಡಿಗಳಲ್ಲಿ ಅಂಕಿ ಮೂಡುವ ಪೆಟ್ಟಿಗೆಗಳನ್ನೆಲ್ಲ ಡಿಜಿಟಲ್ ಎಂದೇ ತೋರಿಸಿದರು. ಅಂಕಿ ಮೂಡಿದ ಮಾತ್ರಕ್ಕೆ ರೇಡಿಯೋ ಡಿಜಿಟಲ್ ಆಗದು. ನಿಲಯದಲ್ಲಿಯೇ ದನಿಯು ಅಂಕಿಗಳಾಗಿ, ಅಲೆಯನ್ನೇರಿ ಬಂದು, ನಮ್ಮ ಪೆಟ್ಟಿಗೆಯೊಳಗೆ ಮರಳಿ ದನಿಯಾಗಬೇಕು. ಅಲೆ ಸಾಕಷ್ಟು ಬಲವಾಗಿದ್ದರೆ ನಿರ್ಮಲವಾದ ಧ್ವನಿ. ಬಲವು ಮಿತಿಗಿಂತ ಕುಗ್ಗಿದರೆ ಪೂರ್ತಿ ಮೌನ. ಇದನ್ನು ಮೂರನೆಯ ಅಂಗಡಿಯವರು ವಿವರಿಸಿದಾಗ ತಂದೆಯವರು, “ಹಳೇದು ಕರಕರ ಅಂದ್ರೂ ಅಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗ್ತಿತ್ತು” ಎಂದರು.

ಆ ಅಂಗಡಿಯವರು ತೋರಿಸಿದ ಡಿಆರ್‌ಎಂ ರೇಡಿಯೋದಲ್ಲಿ ಎಫ್‌ಎಂ ಇತ್ತು, ಹಳೆಯ ರೀತಿಯ ಮೀಡಿಯಂ ವೇವ್ ಸಹ ಇತ್ತು. ಡಿಜಿಟಲ್ ಕೈಕೊಟ್ಟರೂ ಮನೆ ಮೂಕವಾಗದು. ಬೆಲೆ ಮಾತ್ರ ಸಾಮಾನ್ಯ ರೇಡಿಯೋದ ಹಲವು ಪಟ್ಟು. ನಾನು ಮತ್ತೇನನ್ನೋ ಕೇಳಹೊರಟಾಗ ತಂದೆಯವರು ತಡೆದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ತಿರುಪು ಸಿಕ್ಕಿತು; ತಿರುಗಿಸಿದರೆ ಹೆಜ್ಜೆಹೆಜ್ಜೆಗೂ ‘ಟಿಕ್’ ಎನ್ನುವ ತಿರುಪು. ನಿಲಯಗಳನ್ನು ನೆನಪಿಡುವ ಗುಂಡಿಗಳು ಸಾಲಾಗಿ, ಒಂದಕ್ಕೊಂದು ಅಂತರ ಬಿಟ್ಟು ಕುಳಿತಿದ್ದವು. ಎರಡು ಬಾರಿ ಎಣಿಸಿ ನೋಡಿ, “ಇದು ಆಗಬಹುದು” ಎಂದರು. ಸರಿಬಾರದಿದ್ದರೆ ಹಿಂದಿರುಗಿಸುವ ಕರಾರಿನ ಮೇಲೆ ತಂದೆವು.

ಮನೆಯಲ್ಲಿ ಮೊದಲು ಮೀಡಿಯಂ ವೇವ್ ಗೊಣಗಿತು. ಪಕ್ಕದಲ್ಲಿದ್ದ ಮೊಬೈಲಿನ ಚಾರ್ಜರನ್ನೂ ಎಲ್‌ಇಡಿ ದೀಪವನ್ನೂ ದೂರ ಮಾಡಿ, ರೇಡಿಯೋವನ್ನು ಕಿಟಕಿಯ ಬಳಿಗೆ ಸರಿಸಿದ ಮೇಲೆ ಶಾಂತವಾಯಿತು. 612 ಕಿಲೋಹರ್ಟ್ಸಿನ ಬೆಂಗಳೂರು ನಿಲಯವನ್ನು ಮೊದಲ ಗುಂಡಿಗೆ ಕಟ್ಟಿದೆ. ಆಗ ತಂದೆಯವರು ತಮ್ಮ ಹಳೆಯ ಟ್ರಂಕಿನಿಂದ ಅರಗಿನ ಕಡ್ಡಿಯೊಂದನ್ನು ತೆಗೆಸಿ, ಸೊಸೆಯ ಕೈಯಲ್ಲಿ ಆ ಗುಂಡಿಯ ಮೇಲೆ ಒಂದು ಬೊಟ್ಟು ಇಡಿಸಿದರು. “ಇನ್ನು ತಪ್ಪಿದ ವಿಳಾಸಕ್ಕೆ ಹೋಗಲ್ಲ” ಎಂದು ನಕ್ಕರು.

ಡಿಜಿಟಲ್ ರೇಡಿಯೋ ಕೊಳ್ಳಬೇಕೆಂದಿರುವ ವಾಚಕರು ಪದ್ಧತಿಯನ್ನು ನೋಡಲಿ, ಬೆಲೆಯನ್ನು ನೋಡಲಿ. ಅದಕ್ಕೂ ಮುಂಚೆ, ಅದನ್ನು ತಿರುಗಿಸುವ ಕೈ ಯಾರದೆಂಬುದನ್ನು ನೋಡಲಿ.

ಮರುದಿನ ಬೆಳಿಗ್ಗೆ ನಮ್ಮ ಗೋಡೆಯ ಗಡಿಯಾರ ಏಳು ಹೊಡೆದ ಕೆಲವು ಸೆಕೆಂಡುಗಳ ಮೇಲೆ ರೇಡಿಯೋದಲ್ಲಿ ಗಂಟೆಯ ಸಂಜ್ಞೆ ಬಂದಿತು. ಅಂಕಿಗಳನ್ನು ಕಟ್ಟಿ ಬಿಚ್ಚುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆಂದು ನಾನು ಸಮಜಾಯಿಷಿ ಹೇಳಿದೆ.

“ನಮ್ಮ ಕಾಲದಲ್ಲಿ ಕಾಗದಕ್ಕೆ ಮೂರು ದಿನ ಹಿಡೀತಿತ್ತು” ಎಂದರು ತಂದೆಯವರು. “ಬಂದು ಸೇರಿತಲ್ಲ, ಸಾಕು. ಈಗ ಸುಮ್ಮನಿರು, ವಾರ್ತೆ ಕೇಳಬೇಕು.”