ನಮ್ಮ ಜೀಪಿನ ಕಣ್ಣು

ಶ್ರೀನಿವಾಸಪುರ ತಾಲ್ಲೂಕು ಎಂದರೆ ಮಾವಿನ ಸೀಮೆ ಎಂಬುದು ಎಲ್ಲರಿಗೂ ತಿಳಿದ ವಿಷಯವೇ. ನಮ್ಮ ಯಲ್ದೂರಿನಿಂದ ಯಾವ ದಿಕ್ಕಿಗೆ ಹೊರಟರೂ ತೋಪು ಸಿಕ್ಕುತ್ತದೆ. ಮೇ ತಿಂಗಳು ಬಂತೆಂದರೆ ಬಾದಾಮಿ, ರಸಪುರಿ, ಆಮೇಲೆ ತೋತಾಪುರಿ, ನೀಲಂ ಅಂತ ಜುಲೈವರೆಗೂ ನಮ್ಮ ಮನೆಗಳಲ್ಲಿ ರಾತ್ರಿ ಹಗಲು ಎರಡೂ ಒಂದೇ. ಕಾಯಿ ಕೀಳುವುದು ಹಗಲಿನಲ್ಲಿ, ಸಾಗಿಸುವುದು ರಾತ್ರಿ, ಇಲ್ಲವೇ ಬೆಳಗಿನ ಜಾವ. ಹೆಡ್‌ಲೈಟಿನ ವಿಷಯ ಬರೆಯುತ್ತೇನೆ ಅಂದಾಗ ನಮ್ಮ ಕ್ಲಾಸಿನ ಕೆಲವರು ನಕ್ಕರು. ಓದಿ ಆದ ಮೇಲೂ ನಗು ಬಂದರೆ ನಗಲಿ.

ನಮ್ಮ ಚಿಕ್ಕಪ್ಪನ ಹತ್ತಿರ 1996ನೇ ಇಸವಿಯ ಮಹೀಂದ್ರ ಜೀಪು ಇದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ ಓಡಾಡಿದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದರಂತೆ. ನಮ್ಮದೂ ಅದೇ ವಂಶದ್ದು. ಮುಂದೆ ಎರಡು ದುಂಡನೆಯ ಡೂಮು, ಒಂದೊಂದು 7 ಇಂಚು. ಮಳೆ ಬಿದ್ದ ಮೇಲೆ ತೋಪಿನೊಳಗೆ ಟೆಂಪೋ ಬರುವುದಿಲ್ಲ, ಚಕ್ರ ಹೂತುಕೊಳ್ಳುತ್ತದೆ. ಕಾಲುವೆ ಇಳಿದು, ಗುಂಡಿ ಹತ್ತಿ, ಕ್ರೇಟುಗಳನ್ನು ರಸ್ತೆಗೆ ತರುವುದು ಈ ಜೀಪೇ. ರಾತ್ರಿ ಹೊತ್ತು ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ನಮ್ಮ ತೋಟದ ಮನೆಗಳ ಕಡೆ ಆಂಬುಲೆನ್ಸೂ ಇದೇ.

ಇಷ್ಟೆಲ್ಲ ಕೆಲಸ ಮಾಡುವ ಜೀಪಿಗೆ ಕಣ್ಣು ಮಾತ್ರ ಮಂಜು. ಚಿಕ್ಕಪ್ಪ ಯಾವಾಗಲೂ ಹೇಳುತ್ತಿದ್ದರು, "ಇದು ಲೈಟಲ್ಲ ಕಣೋ, ಮಿಣುಕು ಹುಳ. ಮುಂದೆ ಎಮ್ಮೆ ನಿಂತಿದ್ರೂ ಅದರ ಕೊಂಬು ತಗುಲಿದ ಮೇಲೇ ಗೊತ್ತಾಗೋದು."

ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಚಿಕ್ಕಪ್ಪ ಕಾಯಿ ತುಂಬಿಕೊಂಡು ಮಂಡಿಗೆ ಹೊರಟಿದ್ದರು. ಮೋಡ ಕವಿದು ಕತ್ತಲೆ ಇತ್ತು. ಎದುರಿಗೆ ಒಂದು ಟಿಪ್ಪರ್ ಬಂತು. ಅದರ ದೀಪ ಬೆಳ್ಳಗೆ, ಸೂಜಿಯಂತೆ ಕಣ್ಣಿಗೆ ಚುಚ್ಚಿತು. ಚಿಕ್ಕಪ್ಪ ಡಿಮ್ಮು ಡಿಪ್ಪು ಮಾಡಿ ತೋರಿಸಿದರೂ ಅವನು ಇಳಿಸಲಿಲ್ಲ. ಟಿಪ್ಪರ್ ದಾಟಿಹೋದ ಮೇಲೆ ನಾಲ್ಕೈದು ಸೆಕೆಂಡು ಏನೂ ಕಾಣಲಿಲ್ಲವಂತೆ. ಕಣ್ಣು ತಿಳಿಯಾಗುವಷ್ಟರಲ್ಲಿ ಎಡಗಡೆ ರಸ್ತೆಯ ಅಂಚಿನಲ್ಲಿ, ಬಂಪರಿನಿಂದ ಒಂದು ಮೊಳ ದೂರದಲ್ಲಿ, ಹಾಲಿನ ಕ್ಯಾನು ಹಿಡಿದ ಇಬ್ಬರು ಹೆಂಗಸರು. ಬ್ರೇಕ್ ಒತ್ತಿ ಇಳಿದು ನೋಡಿದರೆ ಅವರಲ್ಲಿ ಒಬ್ಬರು ನಮ್ಮಮ್ಮ.

ಯಾರಿಗೂ ಏನೂ ಆಗಲಿಲ್ಲ. ಅರ್ಧ ಕ್ಯಾನು ಹಾಲು ಚೆಲ್ಲಿತು ಅಷ್ಟೆ. ಆದರೆ ಅವತ್ತಿನಿಂದ ಮನೆಯಲ್ಲಿ ಎರಡು ಪಕ್ಷ ಆಯಿತು. ಚಿಕ್ಕಪ್ಪನದು ಒಂದೇ ಹಟ: "ನನ್ ಲೈಟು ಜೋರಾಗಿದ್ದಿದ್ರೆ ನೀವು ದೂರದಿಂದ್ಲೇ ಕಾಣ್ತಿದ್ರಿ ಅತ್ತಿಗೆ. ಎಲ್‌ಇಡಿ ಹಾಕಿಸ್ತೀನಿ." ಅಮ್ಮನದು ಇನ್ನೊಂದು: "ಜೋರು ಲೈಟಿನಿಂದ್ಲೇ ಅಲ್ವಾ ಇಷ್ಟೆಲ್ಲ ಆಗಿದ್ದು? ನೀನೂ ಅದನ್ನೇ ಹಾಕ್ಕೊಂಡ್ರೆ ಇನ್ನೊಬ್ರ ಮನೆ ಹೆಂಗಸಿಗೆ ಹಂಗಾಗ್ತದೆ ಕಣಪ್ಪ." ಎರಡೂ ಸರಿಯೇ ಅಂತ ನನಗೆ ಅನ್ನಿಸಿತು. ಆದ್ದರಿಂದ ನಾನು ಯಾರ ಪಕ್ಷವನ್ನೂ ಸೇರದೆ ಮೇಷ್ಟ್ರನ್ನು ಕೇಳಿದೆ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಮ್ನ ದರ್ಪಣದ ಪಾಠ ಇದೆಯಲ್ಲ, ಹೆಡ್‌ಲೈಟು ಅದರದೇ ಉದಾಹರಣೆ. ದರ್ಪಣದ ಸಂಗಮ ಬಿಂದುವಿನಲ್ಲಿ ದೀಪ ಇಟ್ಟರೆ ಬೆಳಕು ಸಮಾನಾಂತರವಾಗಿ ಮುಂದಕ್ಕೆ ಹೋಗುತ್ತದೆ. ಪರೀಕ್ಷೆಗೆ ಇಷ್ಟೇ ಸಾಕು. ಆದರೆ ಮೇಷ್ಟ್ರು ಹಳೆಯ ಹ್ಯಾಲೊಜೆನ್ ಬಲ್ಬು ಒಂದನ್ನು ತಂದು ತೋರಿಸಿದಾಗ ಅದರೊಳಗೆ ಇನ್ನೂ ದೊಡ್ಡ ಪಾಠ ಇತ್ತು. ಎಚ್4 ಎಂಬ ಆ ಬಲ್ಬಿನಲ್ಲಿ ಎರಡು ತಂತಿ. ಹೈ ಬೀಮಿನ ತಂತಿ ಸಂಗಮ ಬಿಂದುವಿನಲ್ಲೇ ಇರುತ್ತದೆ. ಡಿಮ್ಮಿನ ತಂತಿ ಅದಕ್ಕಿಂತ ಸ್ವಲ್ಪ ಮುಂದೆ, ಅದರ ಕೆಳಗೆ ಉಗುರಿನಷ್ಟು ಅಗಲದ ತಗಡಿನ ಬಟ್ಟಲು. ಈ ಬಟ್ಟಲು ಬೆಳಕನ್ನು ದರ್ಪಣದ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಮೇಲ್ಭಾಗಕ್ಕೆ ಮಾತ್ರ ಬಿದ್ದ ಬೆಳಕು ರಸ್ತೆಯ ಕಡೆಗೆ ಬಾಗಿ ಇಳಿಯುತ್ತದೆ. ಎದುರಿಗೆ ಬರುವವರ ಕಣ್ಣನ್ನು ಉಳಿಸುವುದು ಆ ಚಿಕ್ಕ ತಗಡು! ಇಷ್ಟು ದಿನ ಬಲ್ಬು ಎಂದರೆ ಬರೀ ಉರಿಯುವ ವಸ್ತು ಎಂದುಕೊಂಡಿದ್ದವರಿಗೆ ಇದು ಆಶ್ಚರ್ಯ ಅಲ್ಲವೇ?

ಟಂಗ್‌ಸ್ಟನ್ ತಂತಿ ಕಾದಾಗ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಬಲ್ಬಿನೊಳಗಿನ ಅಯೋಡಿನ್ ಅಥವಾ ಬ್ರೋಮಿನ್ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ತಂದು ಬಿಡುತ್ತದೆ. ಅದಕ್ಕೇ ಹ್ಯಾಲೊಜೆನ್ ಎಂಬ ಹೆಸರು. ಎಲ್‌ಇಡಿಯಲ್ಲಿ ತಂತಿಯೇ ಇಲ್ಲ. ನೀಲಿ ಬೆಳಕು ಕೊಡುವ ಚಿಪ್ಪಿನ ಮೇಲೆ ಹಳದಿ ಲೇಪ ಬಳಿದು ಬಿಳಿ ಬೆಳಕು ಮಾಡುತ್ತಾರೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದ್ದರಿಂದ ಎಲ್‌ಇಡಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕರೆಂಟು ಕಡಿಮೆ ತಿನ್ನುತ್ತದೆ. ನಮ್ಮ ರಸ್ತೆಯ ಕುಲುಕಾಟಕ್ಕೆ ತುಂಡಾಗಲು ಅದರಲ್ಲಿ ತಂತಿಯೇ ಇಲ್ಲ.

ತೊಂದರೆ ಇರುವುದು ಹ್ಯಾಲೊಜೆನ್ನಿಗಾಗಿ ಮಾಡಿದ ಹಳೆಯ ಡೂಮಿನೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದಾಗ. ಹ್ಯಾಲೊಜೆನ್ ತಂತಿ ಕೂದಲೆಳೆಯಂತೆ ಒಂದೇ ಜಾಗದಲ್ಲಿ ಉರಿಯುತ್ತದೆ. ಎಲ್‌ಇಡಿ ಚಿಪ್ಪುಗಳು ಒಂದು ಪಟ್ಟಿಯ ಎರಡು ಪಕ್ಕದಲ್ಲಿ ಅಂಟಿರುತ್ತವೆ. ತಂತಿಯ ಜಾಗ ಬೇರೆ, ಇದರ ಜಾಗ ಬೇರೆ. ಜಾಗ ತಪ್ಪಿದ ಬೆಳಕು ದರ್ಪಣದಿಂದ ಎಲ್ಲೆಂದರಲ್ಲಿ ಚದುರುತ್ತದೆ, ಮರದ ಮೇಲಕ್ಕೂ ಎದುರಿನವರ ಮುಖಕ್ಕೂ. ಜೊತೆಗೆ ಎಲ್‌ಇಡಿಯ ಹಿಂಭಾಗ ಬಿಸಿಯಾಗುತ್ತದೆ, ಅದಕ್ಕೆಂದೇ ಪುಟ್ಟ ಫ್ಯಾನು ಇರುತ್ತದೆ. ನಮ್ಮ ತೋಪಿನ ಕೆಂಪು ಧೂಳಿಗೆ ಆ ಫ್ಯಾನು ಎಷ್ಟು ದಿನ ತಿರುಗೀತು?

ಚಿಕ್ಕಪ್ಪ ಅಷ್ಟಕ್ಕೆಲ್ಲ ಬಗ್ಗುವವರಲ್ಲ. ಒಂದು ಅಂಗಡಿಯಿಂದ ಎಲ್‌ಇಡಿ ಜೋಡಿಯೊಂದನ್ನು "ನೋಡಿ ಬೇಡವಾದರೆ ವಾಪಸ್ ಕೊಡ್ತೀನಿ" ಎಂದು ಹೇಳಿ ತಂದೇಬಿಟ್ಟರು. ಡಬ್ಬಿಯ ಮೇಲೆ 20,000 ಲ್ಯೂಮೆನ್ ಎಂದು ಅಚ್ಚಾಗಿತ್ತು, ಅದೇ ಡಬ್ಬಿಯ ಪಕ್ಕದಲ್ಲಿ 30 ವಾಟ್ ಎಂದೂ ಇತ್ತು. ಒಳ್ಳೆಯ ಎಲ್‌ಇಡಿಯೂ ಒಂದು ವಾಟಿಗೆ ಸುಮಾರು 100ರಿಂದ 150 ಲ್ಯೂಮೆನ್ ಕೊಡುವುದು. ಗುಣಿಸಿ ನೋಡಿ. ಎಚ್4 ಬಲ್ಬಿನ ಲೆಕ್ಕ ಹೈ ಬೀಮಿಗೆ 1,650, ಡಿಮ್ಮಿಗೆ 1,000 ಲ್ಯೂಮೆನ್. ಅದು ಡಬ್ಬಿಯ ಜಂಬವಲ್ಲ, ನಿಯಮದಲ್ಲಿ ಬರೆದಿರುವ ಲೆಕ್ಕ.

ಹಾಗಾದರೆ ನಮ್ಮ ಜೀಪಿನಲ್ಲಿ ಆ ಬೆಳಕು ಎಲ್ಲಿ ಹೋಯಿತು? ಇದನ್ನು ಹೇಳಿದವರು ವೈರಿಂಗ್ ಕೆಲಸದ ಭಾಯಿ. ಅವರು ಬಲ್ಬನ್ನು ನೋಡಲೇ ಇಲ್ಲ, ಮೊದಲು ಮೀಟರು ಹಿಡಿದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.6 ವೋಲ್ಟು. ಬಲ್ಬಿನ ಹೋಲ್ಡರಿನಲ್ಲಿ 11.2. "ನೋಡಣ್ಣಾ, ಎರಡೂವರೆ ವೋಲ್ಟು ದಾರೀಲೇ ಕಳ್ಳರು ಹೊಡ್ಕೊಂಡವ್ರೆ," ಅಂದರು. ಕಳ್ಳರು ಯಾರೆಂದರೆ ಸುಮಾರು ಮೂವತ್ತು ವರ್ಷದ ವೈರು, ಕರಕಲಾದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗು. 55 ವಾಟಿನ ಎರಡು ಬಲ್ಬಿಗೆ ಹತ್ತಿರ ಹತ್ತಿರ 9 ಆಂಪಿಯರ್ ಹರಿಯಬೇಕು. ಅದೆಲ್ಲ ಒಂದು ಹಳೆಯ ಸ್ವಿಚ್ಚಿನ ಮೂಲಕವೇ ಹೋಗಬೇಕು. ತಂತಿಯ ಬಲ್ಬಿನ ಸ್ವಭಾವ ಹೇಗೆಂದರೆ ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಕಡಿಮೆಯಾಗುತ್ತದೆ. ಮೇಷ್ಟ್ರು ಲೆಕ್ಕ ಹಾಕಿ ನಮ್ಮ ಜೀಪಿಗೆ ಸಿಕ್ಕುತ್ತಿದ್ದ ಬೆಳಕು ಅರ್ಧದಷ್ಟೇ ಎಂದರು. ಪಾಪ, ಬಲ್ಬನ್ನು ನಾವು ಸುಮ್ಮನೆ ಬೈಯುತ್ತಿದ್ದೆವು.

ಆದರೂ ಕಣ್ಣಾರೆ ನೋಡದೆ ಚಿಕ್ಕಪ್ಪ ಒಪ್ಪಬೇಕಲ್ಲ. ಭಾಯಿ ಒಂದು ಕಡೆಯ ಡೂಮಿಗೆ ಬ್ಯಾಟರಿಯಿಂದ ನೇರ ದಪ್ಪ ವೈರು, ಫ್ಯೂಸು, ರಿಲೇ ಹಾಕಿ ಹೊಸ ಹ್ಯಾಲೊಜೆನ್ ಬಲ್ಬು ಕೂರಿಸಿದರು. (ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಇದ್ದ ಕಡೆ ಕಾದು ಒಡೆಯುತ್ತದೆ.) ಇನ್ನೊಂದು ಕಡೆಗೆ ಎಲ್‌ಇಡಿ. ಕತ್ತಲಾದ ಮೇಲೆ ನಮ್ಮ ಶೆಡ್ಡಿನ ಸುಣ್ಣದ ಗೋಡೆಗೆ ಹತ್ತು ಹೆಜ್ಜೆ ದೂರ ಜೀಪು ನಿಲ್ಲಿಸಿದೆವು. ಡೂಮಿನ ಎತ್ತರಕ್ಕೆ ಸರಿಯಾಗಿ ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಒಂದು ಡೂಮಿಗೆ ಗೋಣಿಚೀಲ ಮುಚ್ಚಿ ಇನ್ನೊಂದನ್ನು ನೋಡುವುದು, ಹೀಗೆ. ಹ್ಯಾಲೊಜೆನ್ನಿನ ಬೆಳಕು ಡಿಮ್ಮಿನಲ್ಲಿ ಗೆರೆಯ ಕೆಳಗೆ ಅಚ್ಚುಕಟ್ಟಾಗಿ ಕೂತಿತು. ಎಲ್‌ಇಡಿ ಗೋಡೆ ತುಂಬ ಹರಡಿ ಶೆಡ್ಡಿನ ತಗಡನ್ನೂ ಬೆಳಗಿಸಿತು.

"ನೋಡು, ಎಷ್ಟು ಜೋರು!" ಎಂದರು ಚಿಕ್ಕಪ್ಪ. ನೋಡಲು ಜೋರೇ.

ಆಮೇಲೆ ಜೀಪನ್ನು ತೋಪಿನ ದಾರಿಗೆ ತಿರುಗಿಸಿ, ಅಮ್ಮ ಹಾಲಿನ ಕ್ಯಾನು ಹಿಡಿದು ನಲವತ್ತು ಹೆಜ್ಜೆ ದೂರ ಎಡಗಡೆ ನಿಂತರು. ನಾನು ಚಿಕ್ಕಪ್ಪನ ಪಕ್ಕ ಕೂತೆ. ಎಲ್‌ಇಡಿಯಲ್ಲಿ ಅಮ್ಮ ಚೆನ್ನಾಗಿಯೇ ಕಂಡರು, ಸುತ್ತಲಿನ ಮರಗಳೆಲ್ಲ ಕಂಡವು. ಹ್ಯಾಲೊಜೆನ್ನಿನಲ್ಲಿ ಮರಗಳ ತಲೆ ಕಾಣಲಿಲ್ಲ, ಆದರೆ ಅಮ್ಮನ ಸೀರೆ, ಕ್ಯಾನು, ಕಾಲ ಬಳಿಯ ಕಲ್ಲು ಎಲ್ಲ ಕಂಡವು. ಅಂದರೆ ಜೀಪಿನೊಳಗೆ ಕೂತವರಿಗೆ ಎರಡರಲ್ಲೂ ಕೆಲಸ ನಡೆಯುತ್ತದೆ. ವ್ಯತ್ಯಾಸ ಇದ್ದದ್ದು ಆ ಕಡೆ. ಅಮ್ಮ ಅಲ್ಲಿಂದಲೇ ಕೂಗಿದರು: "ಹಳದಿದಾದ್ರೆ ನೆಲ ಕಾಣ್ತದೆ. ಬಿಳೀದು ಹಾಕಿದ್ರೆ ನನ್ ಕಾಲೇ ನಂಗೆ ಕಾಣಕಿಲ್ಲ, ಎತ್ಲಾಗ್ ಸರೀಬೇಕೋ ಗೊತ್ತಾಗಕಿಲ್ಲ!"

ಚಿಕ್ಕಪ್ಪ ಇಳಿದು ಹೋಗಿ ಅಮ್ಮ ನಿಂತಿದ್ದ ಜಾಗದಲ್ಲಿ ತಾವೇ ನಿಂತರು. "ಹಾಕು" ಅಂದರು. ನಾನು ಎಲ್‌ಇಡಿ ಹಾಕಿದೆ. ಕೈ ಅಡ್ಡ ಹಿಡಿದರು. ಒಂದು ಮಾತೂ ಆಡದೆ ವಾಪಸ್ ಬಂದು ಬಲ್ಬನ್ನು ಬಿಚ್ಚಿ ಡಬ್ಬಿಗೆ ಹಾಕಿದರು. ತಾತನ ಕಣ್ಣಲ್ಲಿ ಪೊರೆ ಇದೆ. ಪೊರೆ ಬಂದವರಿಗೆ ಈ ಬೆಳಕು ಇನ್ನೂ ಹೆಚ್ಚು ಚೆದುರಿ ಕುಕ್ಕುತ್ತದೆ ಎಂದು ಮೇಷ್ಟ್ರು ಹೇಳಿದ್ದರಿಂದ ಅವರನ್ನು ನಿಲ್ಲಿಸಿ ನೋಡುವ ಕೆಲಸಕ್ಕೆ ನಾವು ಹೋಗಲಿಲ್ಲ.

ಚೆನ್ನಾದ ಎಲ್‌ಇಡಿ ಬೇಕೇ ಬೇಕೆನ್ನುವವರಿಗೆ ಇಡೀ ಡೂಮೇ ಎಲ್‌ಇಡಿಗಾಗಿ ಮಾಡಿದ್ದು ಸಿಗುತ್ತದೆ. ಅದಕ್ಕೆ ತಕ್ಕ ಗಾಜು, ದರ್ಪಣ ಎಲ್ಲ ಅದರಲ್ಲೇ ಇರುತ್ತವೆ, ಬೆಳಕು ಜಾಗ ತಪ್ಪುವುದಿಲ್ಲ. ಈಗಿನ ಹೊಸ ಗಾಡಿಗಳಲ್ಲಿ ಬರುವುದು ಆ ಬಗೆಯದು. ನಮಗೆ ಅದು ದುಬಾರಿ. ಅಲ್ಲದೆ 2020ರಲ್ಲಿ ಬಂದ ಥಾರ್ ಜೀಪಿಗೆ ಕಂಪನಿಯವರೇ ಹ್ಯಾಲೊಜೆನ್ ಕೊಟ್ಟಿದ್ದರು, ಹಾಗಾಗಿ ನಮ್ಮ ಮುದುಕ ಜೀಪಿಗೆ ನಾಚಿಕೆಯೇನೂ ಇಲ್ಲ. ಕೆಲವರು 100/90 ವಾಟಿನ ಬಲ್ಬು ಹಾಕುತ್ತಾರೆ. ಅದರ ಬಿಸಿಗೆ ಹೋಲ್ಡರು ಕರಗುವುದನ್ನು ಭಾಯಿ ತಮ್ಮ ಅಂಗಡಿಯಲ್ಲೇ ತೋರಿಸಿದರು. ಕಾನೂನಿನ ಮಾತೂ ಇದೆ: 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಕೇಸು ಹಾಕಲು ಶುರು ಮಾಡಿದರು. ಆದರೆ ಐದು ಗಂಟೆಯ ಜಾವದಲ್ಲಿ ನಮ್ಮ ರಸ್ತೆಗೆ ಯಾವ ಪೊಲೀಸು ಬರುತ್ತಾರೆ?

ಈಗ ಎರಡೂ ಡೂಮಿಗೆ ರಿಲೇ ಆಗಿದೆ. ಹೋಲ್ಡರಿನಲ್ಲಿ 13.2 ವೋಲ್ಟು ಬರುತ್ತಿದೆ. ಒಂದು ಡೂಮಿನ ಬೆಳ್ಳಿ ಲೇಪ ಪೂರ್ತಿ ಕಿತ್ತುಹೋಗಿದ್ದರಿಂದ ಅದನ್ನು ಮಾತ್ರ ಹೊಸದು ತಂದೆವು. ಎಲ್ಲ ಸೇರಿ ಎಲ್‌ಇಡಿ ಜೋಡಿಗಿಂತ ಕಡಿಮೆಯೇ ಆಯಿತು. ಚಿಕ್ಕಪ್ಪನ ಆಸೆಗೆ ಜೀಪಿನ ಹಿಂದೆ ಒಂದು ಚಿಕ್ಕ ಎಲ್‌ಇಡಿ ದೀಪ ಬಂದಿದೆ. ಅದಕ್ಕೆ ಸ್ವಿಚ್ಚು ಬೇರೆ. ತೋಪಿನಲ್ಲಿ ಕ್ರೇಟು ತುಂಬುವಾಗ ಮಾತ್ರ ಹಾಕುವುದು, ರಸ್ತೆಗೆ ಬಂದ ಕೂಡಲೇ ಆರಿಸುವುದು. ಆ ಕೆಲಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೆಟ್ಟ ಕಾಯಿ ಒಳ್ಳೆಯ ಕಾಯಿ ಬೇರೆ ಬೇರೆ ಗೊತ್ತಾಗುತ್ತದೆ.

ಹೊರಡುವಾಗ ಭಾಯಿ ಬಂಪರಿಗೆ ಅಂಟಿಸಿ ಉಳಿದ ರಿಫ್ಲೆಕ್ಟರ್ ಟೇಪನ್ನು ಅಮ್ಮನ ಹಾಲಿನ ಕ್ಯಾನಿಗೂ ಒಂದು ಸುತ್ತು ಹಾಕಿದರು. ಲೈಟು ಬಿದ್ದರೆ ದೂರದಿಂದಲೇ ಮಿಂಚುತ್ತದೆ. ಡೈರಿಯಲ್ಲಿ ಅದನ್ನು ನೋಡಿ ಇನ್ನೂ ನಾಲ್ಕು ಜನ ಕೇಳಿದ್ದರಿಂದ ಚಿಕ್ಕಪ್ಪ ಒಂದು ಸುರುಳಿ ತಂದಿದ್ದಾರೆ. ನಿಮ್ಮ ಮನೆಯಿಂದಲೂ ಯಾರಾದರೂ ಕತ್ತಲಲ್ಲಿ ಹಾಲು ಹಾಕಲು ಹೋಗುವವರಿದ್ದರೆ ಸೋಮವಾರ ಕ್ಯಾನನ್ನು ಶಾಲೆಗೆ ತನ್ನಿ. ಕತ್ತರಿ ನಾನು ತರುತ್ತೇನೆ.