ಅವ್ವನ ರಜೆ, ಹಸುವಿನ ಮುನಿಸು

ಹಸು ಸಾಕಿದವರ ಮನೆಯಲ್ಲಿ ರಜೆ ಅನ್ನೋ ಮಾತೇ ಇರಲ್ಲ. ನಮ್ಮ ಅವ್ವ ಧರ್ಮಸ್ಥಳಕ್ಕೆ ಹೋದರೂ ಮಾರನೇ ದಿನ ಸಂಜೆ ಡೈರಿ ಹೊತ್ತಿಗೆ ಮನೆ ಸೇರುತ್ತಿದ್ದಳು. ಅಂಥವಳನ್ನು ನಾವು ಅಕ್ಕ ತಂಗಿ ಕಳೆದ ಡಿಸೆಂಬರ್ ಕೊನೇ ವಾರ ಅಂಡಮಾನ್‌ಗೆ ಕರೆದುಕೊಂಡು ಹೋದೆವು. ಒಂದು ವರ್ಷ ದುಡ್ಡು ಕೂಡಿಟ್ಟಿದ್ದೆವು. ದುಡ್ಡಿಗಿಂತ ಕಷ್ಟವಾಗಿದ್ದು ಅವ್ವನ ಪ್ರಶ್ನೆ: "ಹಸು ಕರೆಯೋರು ಯಾರು?"

ಪಕ್ಕದ ಮನೆ ದೊಡ್ಡವ್ವ ಒಪ್ಪಿಕೊಂಡರು. ರಾಗಿ ಕೊಯ್ದು ಮೆದೆ ಹಾಕಿದ ಮೇಲೇ ಹೊರಡೋದು ಅಂತ ಅವ್ವ ಷರತ್ತು ಹಾಕಿದಳು. ಮಾಗಿ ಚಳಿಗೆ ಸ್ವೆಟರ್ ಹಾಕಿಕೊಂಡೇ ಬೆಂಗಳೂರಲ್ಲಿ ವಿಮಾನ ಹತ್ತಿದಳು. ಮೂರು ಗಂಟೆ ಒಳಗೆ ಪೋರ್ಟ್ ಬ್ಲೇರ್. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಇಳಿದ ತಕ್ಷಣ ಬೆವರು. ಸ್ವೆಟರ್ ಬ್ಯಾಗಿಗೆ ಹೋಗಿದ್ದು ವಾಪಸ್ ಬರೋವರೆಗೂ ಆಚೆ ಬರಲಿಲ್ಲ.

ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ ಹೋದರೆ ನೀಲ್ ದ್ವೀಪ. 2018ರಲ್ಲಿ ಅದಕ್ಕೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. ಅಲ್ಲಿನ ಊರುಗಳೋ, ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ, ರಾಮನಗರ. ಅವ್ವ ನಮ್ಮ ಮುಖ ನೋಡಿದಳು. "ರಾಮನಗರಕ್ಕೆ ಬರೋಕೆ ಇಷ್ಟು ದುಡ್ಡು ಸುರಿದ್ರಾ? ಬಸ್ಸಲ್ಲೇ ಹೋಗಬಹುದಿತ್ತಲ್ಲ!"

ಸಮುದ್ರದ ಫೋಟೊಗಳನ್ನು ನೀವೂ ಫೋನಲ್ಲಿ ನೋಡಿರ್ತೀರಿ. ಆ ಫೋಟೊಗಳಲ್ಲಿ ಕಾಣದೇ ಇರೋದು ಅಲ್ಲಿನ ಹೊಲಗಳು. ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಎಲ್ಲ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಈ ದ್ವೀಪಗಳಲ್ಲಿ ಜಮೀನು ಕೊಟ್ಟಿತು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಉಳುತ್ತಿದ್ದಾರೆ. ಮಳೆಗಾಲದಲ್ಲಿ ಭತ್ತ, ಮಳೆ ನಿಂತ ಮೇಲೆ ತರಕಾರಿ. ಅಲ್ಲಿ ಬೆಳೆದ ತರಕಾರಿ ಹಡಗು ಹತ್ತಿ ಪೋರ್ಟ್ ಬ್ಲೇರ್ ಮಾರ್ಕೆಟ್ಟಿಗೆ ಹೋಗುತ್ತೆ. ತೆಂಗು, ಅಡಿಕೆ, ಬಾಳೆ ನೋಡಿದರೆ ನಮ್ಮ ಕಡೆ ತೋಟವೇ.

ನಾವು ಉಳಿದಿದ್ದು ಅಂಥದ್ದೇ ಒಂದು ರೈತರ ಮನೆಯಲ್ಲಿ. ಮನೆ ಹಿಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದರು. ಮೊದಲನೇ ಬೆಳಗ್ಗೆ ನಾವು ಏಳೋ ಹೊತ್ತಿಗೆ ಅವ್ವ ಹಾಸಿಗೆಯಲ್ಲಿರಲಿಲ್ಲ. ಹುಡುಕಿದರೆ ಹಿತ್ತಲಲ್ಲಿ ಆ ಮನೆಯಾಕೆ ಜೊತೆ ಬದನೆಕಾಯಿ ಕೀಳುತ್ತಿದ್ದಳು. ಅವರಿಗೆ ಬಂಗಾಳಿ, ಹಿಂದಿ. ಅವ್ವನಿಗೆ ಕನ್ನಡ ಬಿಟ್ಟು ಬೇರೇನೂ ಬರಲ್ಲ. ಹುಳ ಬಿದ್ದ ಕಾಯಿ ಎತ್ತಿ ತೋರಿಸಿ ಇಬ್ಬರೂ ತಲೆ ಆಡಿಸುತ್ತಿದ್ದರು.

ನಮಗೆ ಕೋಪ ಬಂತು. ಇಷ್ಟು ದೂರ ಕರೆತಂದಿದ್ದು ಬದನೆಕಾಯಿ ಕೀಳೋಕಾ?

ಮನೆಯಾಕೆ ಹತ್ತಿರ ಹಿಂದಿಯಲ್ಲಿ, "ನಮ್ಮ ತಾಯಿಗೆ ರಜೆ ಅಂದರೆ ಗೊತ್ತಿಲ್ಲ" ಅಂದೆವು. ಆಕೆ ನಕ್ಕರು. "ನಮಗೂ ಡಿಸೆಂಬರಲ್ಲಿ ರಜೆ ಇಲ್ಲ. ನಿಮಗೆಲ್ಲ ರಜೆ ಸಿಗೋದೇ ಆಗ ಅಲ್ವಾ" ಅಂದರು. ಕತ್ತಲಿರುವಾಗಲೇ ಎದ್ದು ತರಕಾರಿ ಕಟ್ಟಿ, ನಮಗೆ ತಿಂಡಿ ಮಾಡಿ, ಹಾಸಿಗೆ ಬಟ್ಟೆ ಒಗೆದು ಹಾಕೋದು ಅವರ ದಿನ. ನಾವು ಕಾಲು ಚಾಚಿ ಕೂತ ಪ್ರತಿ ಗಂಟೆಯ ಹಿಂದೆ ಅವರ ಕೈ ಇತ್ತು. ಊರಲ್ಲಿ ದೊಡ್ಡವ್ವನ ಕೈ ಇತ್ತು. ಅದು ಅವ್ವನಿಗೆ ಮೊದಲೇ ಗೊತ್ತಿತ್ತು, ನಮಗೆ ಆಗ ಗೊತ್ತಾಯ್ತು.

ಇಳಿತದ ಹೊತ್ತಿಗೆ ಲಕ್ಷ್ಮಣ್‌ಪುರದ ಕಲ್ಲು ಕಮಾನು ನೋಡೋಕೆ ಹೋದೆವು. ನೀರು ಹಿಂದೆ ಸರಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಬಹುದು. ಬಂಡೆ ನಡುವಿನ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಕಪ್ಪಗೆ ಉದ್ದಕ್ಕೆ ಬಿದ್ದಿರೋ ಕಡಲ ಸೌತೆ. ಅದು ಕಾಯಲ್ಲ, ಜೀವಿ. ಅವ್ವ ತುಳಸಿಕಟ್ಟೆಗೆ ಇಡೋಣ ಅಂತ ಒಂದು ಬಿಳಿ ಹವಳದ ತುಂಡು ಎತ್ತಿಕೊಂಡಳು. ಹವಳ ಕೊಂಡೊಯ್ಯೋದು ಕಾನೂನು ಪ್ರಕಾರ ತಪ್ಪು ಅಂತ ಹೇಳಿದೆವು. ಅದನ್ನು ಕಟ್ಟೋದು ಕಣ್ಣಿಗೆ ಕಾಣದಷ್ಟು ನಿಧಾನ ಬೆಳೆಯುವ ಜೀವಿಗಳು ಅಂದೆವು. "ಗೆದ್ದಲು ಹುತ್ತ ಕಟ್ಟಿದ ಹಾಗೆ" ಅಂತ ಎತ್ತಿದ ಜಾಗದಲ್ಲೇ ಇಟ್ಟಳು.

ಅಲ್ಲಿ ಡಿಸೆಂಬರಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಪೂರ್ವಕ್ಕೆ ಅಷ್ಟು ದೂರ ಇದ್ದರೂ ಗಡಿಯಾರ ಮಾತ್ರ ನಮ್ಮದೇ. ನಾಲ್ಕನೇ ದಿನ ಅವ್ವ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಲ್ಲಿ ಕೂತಳು. ಬೆಚ್ಚಗಿನ ನೀರು. ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಕತ್ತಲಾದಾಗ ಕೇಳಿದ್ದು ಒಂದೇ: "ಊರಲ್ಲಿ ಇನ್ನೂ ಬೆಳಕಿರುತ್ತೆ ಅಲ್ವಾ? ದೊಡ್ಡವ್ವ ಈಗ ಹಾಲು ಕರೀತಿರ್ತಾರೆ."

ದೊಡ್ಡವ್ವ ಕರೆಯೋಕೆ ಕೂತಿದ್ದರು ನಿಜ, ಹಸು ಸರಿಯಾಗಿ ಸೊರೆ ಬಿಟ್ಟಿರಲಿಲ್ಲ. ನಾವು ವಾಪಸ್ ಬಂದ ಮೇಲೂ ಒಂದು ವಾರ ಹಾಲು ಕಮ್ಮಿಯೇ. ಡೈರಿ ಲೆಕ್ಕದಲ್ಲಿ ಆ ನಷ್ಟ ಎದ್ದು ಕಾಣುತ್ತಿತ್ತು. ಅವ್ವ ಬಯ್ಯುತ್ತಾಳೆ ಅಂದುಕೊಂಡಿದ್ದೆವು. ಅವಳು ಹಸುವಿನ ಮೈ ಸವರುತ್ತಾ, "ಮುಂದಿನ ಸಲ ದೊಡ್ಡವ್ವನ್ನೂ ಕರ್ಕೊಂಡು ಹೋಗಬೇಕು. ಅವರೂ ಸಮುದ್ರ ನೋಡಿಲ್ಲ" ಅಂದಳು.

ಹಾಗಾದರೆ ಹಸು ಕರೆಯೋರು ಯಾರು? ಅವ್ವ ನಮ್ಮಿಬ್ಬರನ್ನೂ ನೋಡಿದಳು.

ಈಗ ಊರಿಗೆ ಹೋದಾಗಲೆಲ್ಲ ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಕೂರುತ್ತಿದ್ದೇವೆ. ಸದ್ಯಕ್ಕೆ ಅರ್ಧ ಲೀಟರ್‌ವರೆಗೆ ಬಂದಿದ್ದೇವೆ.