ಗುರುವಾರ ನಮ್ಮ ಸರದಿ

ಬೆಂಗಳೂರಿನ ಬೇಸಿಗೆ ಶಿಬಿರಗಳಿಗೆ 10 ದಿನ ಸಾಕು. ಪೇಂಟಿಂಗ್, ಕೀಬೋರ್ಡ್, ಅಬಾಕಸ್ ಯಾವುದೇ ಆಗಲಿ, ಕೊನೇ ದಿನ ಒಂದು ಸರ್ಟಿಫಿಕೇಟು. ಗಿಡಕ್ಕೆ ಮಾತ್ರ ಈ ಲೆಕ್ಕ ಗೊತ್ತಿಲ್ಲ ನೋಡಿ.

ಮಗಳ ಶಾಲೆಯ ಕೈತೋಟದ ಶಿಬಿರದಲ್ಲಿ ಮೆಂತ್ಯ ನಾಲ್ಕೇ ದಿನಕ್ಕೆ ತಲೆ ಎತ್ತಿತು. ಬೀಜವನ್ನು ಎರಡು ಹೋಳು ಮಾಡಿ ಬಿತ್ತಿದ್ದರೂ ಕೊತ್ತಂಬರಿ ಸತಾಯಿಸಿ ಸತಾಯಿಸಿ ಕೊನೇ ದಿನ ಹಸಿರು ತೋರಿಸಿತು. ಮೆಣಸಿನಕಾಯಿಯಂತೂ, ನೆಟ್ಟದ್ದು ನರ್ಸರಿ ಸಸಿಯೇ ಆದರೂ, ಕೈಗೆ ಸಿಗೋಕೆ ಎರಡು ತಿಂಗಳು ಬೇಕು.

ಶಿಬಿರ ಮುಗಿದ ಸಂಜೆ ಅಪ್ಪ-ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ: "ಮನೆಗೆ ತರೋಕೆ ಏನೂ ಇಲ್ವಾ?" ಮಗಳದ್ದು ಬೇರೆ: "ಅಪ್ಪಾ, ನಾಳೆಯಿಂದ ನೀರು ಯಾರು ಹಾಕ್ತಾರೆ?"

ಶಾಲೆ ಬಾಗಿಲು ತೆರೆಯೋದು ಇನ್ನು ಬೇಸಿಗೆ ರಜೆ ಮುಗಿದ ಮೇಲೆ. ಏಪ್ರಿಲ್ ಬಿಸಿಲಲ್ಲಿ ಎಳೇ ಸಸಿ ಅಲ್ಲೀತನಕ ತಡೆಯುತ್ತಾ? ಅವಳ ಪ್ರಶ್ನೆಯನ್ನೇ ಗ್ರೂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ. ಆಮೇಲೆ ಒಬ್ಬೊಬ್ಬರೇ ಒಪ್ಪಿಕೊಂಡು 7 ಮನೆಯಾಯಿತು. ವಾರದ 7 ದಿನಕ್ಕೆ ಸರಿಯಾಗಿ. ಬೆಳಿಗ್ಗೆ ಆರೂವರೆಗೆ ಗೇಟು ತೆಗೀತೀನಿ ಅಂದ್ರು ವಾಚ್‌ಮನ್.

ನೆಟ್ಟ 20 ಮೆಣಸಿನ ಸಸಿಯಲ್ಲಿ 6 ಒಣಗಿದವು, 14 ಉಳಿದಿವೆ. ಸರ್ಟಿಫಿಕೇಟು ಎಲ್ಲಿಟ್ಟೆ ಅಂದ್ರೆ ಮಗಳಿಗೆ ಗೊತ್ತಿಲ್ಲ. ಗುರುವಾರ ಮಾತ್ರ ಅಲಾರಂ ಹೊಡೆಯೋ ಮೊದಲೇ ಬಂದು ನನ್ನ ಹೊದಿಕೆ ಎಳೀತಾಳೆ.